ಊರು ಒಂದೇ, ಹೆಸರು ಹಲವು: ಗೂಗಲ್‌ನಲ್ಲಿ ಗಡಿ ಕನ್ನಡ ಹಿಂದೆ ಬೀಳುವುದೇಕೆ?

ಸೊಲ್ಲಾಪುರ: ಅಕ್ಕಲಕೋಟೆ ತಾಲೂಕಿನ ರೈತರು ಸೊಲ್ಲಾಪುರ ಮಾರುಕಟ್ಟೆಗೆ ಗಾಡಿ ಹೊರಡಿಸುವ ಮೊದಲು ಮೊಬೈಲ್‌ನಲ್ಲಿ ದರ ನೋಡುವುದು ಈಗ ರೂಢಿಯಾಗಿದೆ. ಆದರೆ ರೈತ ‘ಉಳ್ಳಾಗಡ್ಡಿ’ ಎನ್ನುತ್ತಾನೆ, ಪತ್ರಿಕೆ ‘ಈರುಳ್ಳಿ’ ಎಂದು ಬರೆಯುತ್ತದೆ, ಮಾರುಕಟ್ಟೆಯಲ್ಲಿ ನಡೆಯುವುದು ಮರಾಠಿಯ ‘ಕಾಂದಾ’. ಮಾಲು ಒಂದೇ ಆದರೂ ಹುಡುಕಾಟದ ದಾರಿ ಮೂರು. ಗಡಿ ಭಾಗದ ಕನ್ನಡ ಜಾಲತಾಣಗಳು ಹಿಂದೆ ಬೀಳುವುದಕ್ಕೆ ಇದೊಂದು ಮುಖ್ಯ ಕಾರಣ.

ಸರ್ಚ್ ಎಂಜಿನ್ ಮೊದಲು ಜಾಲತಾಣದ ಪುಟಗಳನ್ನು ಓದುತ್ತದೆ, ನಂತರ ಸೂಚಿ ಮಾಡಿಟ್ಟುಕೊಳ್ಳುತ್ತದೆ, ಯಾರಾದರೂ ಕೇಳಿದಾಗ ಹೊಂದುವ ಪುಟಗಳನ್ನು ಸಾಲಾಗಿ ಜೋಡಿಸುತ್ತದೆ. ಪುಟದಲ್ಲಿ ಇಲ್ಲದ ಹೆಸರನ್ನು ಅದು ಪ್ರತಿ ಸಲವೂ ಊಹಿಸಿಕೊಳ್ಳುತ್ತದೆ ಎಂಬ ಭರವಸೆ ಇಲ್ಲ.

ಈ ಊರಿನ ಹೆಸರನ್ನೇ ನೋಡಬಹುದು. ವಚನಕಾರ ಸಿದ್ಧರಾಮನ ಕಾಲಕ್ಕೆ ಸೊನ್ನಲಿಗೆ, ಕನ್ನಡಿಗರ ಬಾಯಲ್ಲಿ ಸೊಲ್ಲಾಪುರ, ಮರಾಠಿಯಲ್ಲಿ ಸೋಲಾಪೂರ, ಬ್ರಿಟಿಷರ ಕಾಗದಗಳಲ್ಲಿ ಶೋಲಾಪುರ. ಕನ್ನಡ ಶಾಲೆಯ ವಿದ್ಯಾರ್ಥಿ ‘ಸೊನ್ನಲಿಗೆ ಸಿದ್ಧರಾಮ’ ಎಂದು ಹುಡುಕುತ್ತಾನೆ. ಸಂಕ್ರಾಂತಿಯ ಜಾತ್ರೆಗೆ ಬರುವ ಭಕ್ತರು ‘ಸಿದ್ಧೇಶ್ವರ ಮಂದಿರ’ ಎಂದು ಹುಡುಕುತ್ತಾರೆ. ಲೇಖನದಲ್ಲಿ ಎರಡೂ ಹೆಸರು ಬಾರದಿದ್ದರೆ ಇಬ್ಬರಲ್ಲಿ ಒಬ್ಬರಿಗೆ ಆ ಪುಟ ಸಿಗುವುದು ಅನುಮಾನ.

ಹಳೆಯ ಫಾಂಟ್‌ಗಳ ಹೊರೆ

ಇನ್ನೊಂದು ತೊಡಕು ಅಕ್ಷರದ್ದು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಕೂಡಿಸಿದ ಬರಹ ಕಣ್ಣಿಗೆ ಕನ್ನಡವಾದರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪು. ಯೂನಿಕೋಡ್‌ಗೆ ಪರಿವರ್ತಿಸದ ಹೊರತು ಅಂಥ ಲೇಖನಗಳು ಹುಡುಕಾಟಕ್ಕೆ ದಕ್ಕುವುದಿಲ್ಲ. ಪಂಚಾಯಿತಿ ನೋಟಿಸು, ಜಾತ್ರೆಯ ಪತ್ರಿಕೆಗಳನ್ನು ಬರೀ ಫೋಟೋ ಮಾಡಿ ಹಾಕಿದರೂ ಬಹುತೇಕ ಇದೇ ಗತಿ.

ಮೊದಲ ಸ್ಥಾನದ ಮಾರಾಟ

‘ಗೂಗಲ್‌ನಲ್ಲಿ ನಂಬರ್ ಒನ್ ಮಾಡಿಕೊಡುತ್ತೇವೆ’ ಎನ್ನುವವರ ಬಗ್ಗೆ ಎಚ್ಚರ ಅಗತ್ಯ. ಹಣ ಕೊಟ್ಟು ಪಡೆಯಬಹುದಾದದ್ದು ಜಾಹೀರಾತಿನ ಜಾಗ ಮಾತ್ರ. ಅದರ ಮೇಲೆ ಜಾಹೀರಾತು ಎಂಬ ಗುರುತು ಇರುತ್ತದೆ. ಸಹಜ ಫಲಿತಾಂಶದ ಸ್ಥಾನವನ್ನು ಗೂಗಲ್ ಮಾರುವುದಿಲ್ಲ. ಪುಟದ ಒಳಗೆ ಬಚ್ಚಿಡುವ ‘ಕೀವರ್ಡ್’ ಪಟ್ಟಿಯನ್ನು ತಾನು ಪರಿಗಣಿಸುವುದಿಲ್ಲವೆಂದು ಅದು 2009ರಲ್ಲೇ ಸ್ಪಷ್ಟಪಡಿಸಿದೆ. ಒಂದೇ ಶಬ್ದವನ್ನು ಇಪ್ಪತ್ತು ಸಲ ತುರುಕಿದರೆ ಪುಟ ಇನ್ನಷ್ಟು ಕೆಳಗಿಳಿಯಬಹುದು.

ಖರ್ಚಿಲ್ಲದ ಕೆಲಸಗಳೇ ಹೆಚ್ಚು ಫಲ ಕೊಡುತ್ತವೆ. ಕನ್ನಡಕ್ಕೊಂದು, ಮರಾಠಿಗೊಂದು ಬೇರೆ ಪುಟವಿರಬೇಕು. ಎರಡಕ್ಕೂ ಪರಸ್ಪರ ಕೊಂಡಿ ಇರಬೇಕು. ‘ಇಂದಿನ ಸುದ್ದಿ’ ಎಂಬ ತಲೆಬರಹಕ್ಕಿಂತ ‘ಅಕ್ಕಲಕೋಟೆ ತಾಲೂಕು: ತೊಗರಿ ದರ’ ಎಂಬುದು ಲೇಸು. ಊರು, ತಾಲೂಕು, ದಿನಾಂಕ ಕಡ್ಡಾಯವಾಗಿ ಬರಲಿ. ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ಓದುಗರು ಯಾವ ಶಬ್ದದಿಂದ ಬಂದರೆಂಬುದು ತಿಳಿಯುತ್ತದೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರನ್ನೇ ನಂಬಿದ ಅಕ್ಕಲಕೋಟೆಯ ಲಾಡ್ಜು, ಖಾನಾವಳಿಗಳು ಗೂಗಲ್ ನಕ್ಷೆಯಲ್ಲಿ ಉಚಿತವಾಗಿ ಹೆಸರು ಸೇರಿಸಬಹುದು.

ಈಗ ಕೃತಕ ಬುದ್ಧಿಮತ್ತೆಯೂ ಜಾಲದಲ್ಲಿರುವ ಬರಹವನ್ನೇ ಆಧರಿಸಿ ಉತ್ತರ ಹೇಳುತ್ತಿದೆ. ಗಡಿಯ ಕನ್ನಡಿಗರು ತಮ್ಮ ಊರಿನ ಬಗ್ಗೆ ತಮ್ಮ ಭಾಷೆಯಲ್ಲಿ ಬರೆದಿಡದಿದ್ದರೆ ಬೇರೆಯವರು ಬರೆದದ್ದೇ ಉತ್ತರವಾಗುತ್ತದೆ. ಮಕ್ಕಳು ನಾಳೆ ‘ಸೊನ್ನಲಿಗೆ’ ಎಂದು ಹುಡುಕಿದಾಗ ಏನಾದರೂ ಸಿಗಬೇಕಾದರೆ ಅದನ್ನು ಇಂದೇ ಯೂನಿಕೋಡ್ ಕನ್ನಡದಲ್ಲಿ ಬರೆದಿಡಬೇಕಾಗಿದೆ.