ಕೊಂಡ ಯಂತ್ರಗಳನ್ನು ಹೆಸರಿಗೆ ಬರೆಯಿಸಿಕೊಳ್ಳುವ ವಿಷಯ

ಎತ್ತನ್ನು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಡೆಯಿಸಿ ನೋಡಿ, ಅನಂತರವೇ ಹಣ ಎಣಿಸುವುದು ನಮ್ಮ ರೈತರ ವಾಡಿಕೆಯಷ್ಟೆ. ಯಂತ್ರದ ವಿಷಯ ಹಾಗಲ್ಲ. ಟ್ರ್ಯಾಕ್ಟರಿನ ಬ್ರೇಕಿನ ಕೊಂಡಿಯೊಳಗಣ ಬಿರುಕು ಎಂತಹ ನಿಪುಣನ ಕಣ್ಣಿಗೂ ಬೀಳದು. ಒಂದೇ ಬಗೆಯ ಸಾವಿರಾರು ಯಂತ್ರಗಳು ಮಾರಾಟವಾಗಿ, ಕೆಲವು ಕೆಟ್ಟ ಬಳಿಕವೇ ಅದು ತಯಾರಕರಿಗೂ ತಿಳಿಯುವುದುಂಟು. ಆಗ ಅವರು ಅಂತಹ ಯಂತ್ರಗಳನ್ನು ಹಿಂದಕ್ಕೆ ಕರೆಯಿಸಿ, ದೋಷವನ್ನು ತಮ್ಮ ಖರ್ಚಿನಿಂದಲೇ ಸರಿಪಡಿಸಿಕೊಡುವ ಪದ್ಧತಿಯಿದೆ. ಇದಕ್ಕೆ ‘ರೀಕಾಲ್’ ಎಂದು ಹೆಸರು.

ಇದು ಕೇವಲ ವರ್ತಕರ ಔದಾರ್ಯವಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯ 110-ಎ ಪ್ರಕರಣದಂತೆ, ಚಾಲಕನಿಗಾಗಲಿ ದಾರಿಯಲ್ಲಿ ಹೋಗುವವರಿಗಾಗಲಿ ಅಪಾಯ ತರಬಹುದಾದ ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಯಿಸುವಂತೆ ಕೇಂದ್ರ ಸರ್ಕಾರವು ಆಜ್ಞೆ ಮಾಡಬಹುದು. ಈ ಕಾಯಿದೆಯ ದೃಷ್ಟಿಯಲ್ಲಿ ಟ್ರ್ಯಾಕ್ಟರೂ ಮೋಟಾರು ವಾಹನವೇ. ಇತರ ಸರಕುಗಳ ವಿಷಯದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 20ನೆಯ ಪ್ರಕರಣವು, ಅಪಾಯಕರವಾದ ಸರಕನ್ನು ಹಿಂದಕ್ಕೆ ಕರೆಯಿಸುವ ಮತ್ತು ಕೊಂಡವರಿಗೆ ಬೆಲೆಯನ್ನು ಮರಳಿ ಕೊಡಿಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ.

ಆದರೆ ಕರೆ ಯಾರ ಮನೆಗೆ ಬರುವುದು? ದಫ್ತರದಲ್ಲಿ ಯಾರ ಹೆಸರಿದೆಯೋ ಅವರ ಮನೆಗೆ. ಹಳೆಯ ಟ್ರ್ಯಾಕ್ಟರು ಬಾಯಿಮಾತಿನಲ್ಲಿಯೋ ಛಾಪಾ ಕಾಗದದ ಮೇಲೆಯೋ ಕೈಯಿಂದ ಕೈಗೆ ಹೋಗುವುದನ್ನು ನಾವೆಲ್ಲರೂ ಬಲ್ಲೆವು. ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ವರ್ಗಾವಣೆಯನ್ನು ತಿಳಿಸತಕ್ಕದ್ದೆಂದು ಕಾಯಿದೆಯ 50ನೆಯ ಪ್ರಕರಣವು ಹೇಳುತ್ತದೆ. ಇದನ್ನು ಉಪೇಕ್ಷಿಸಿದರೆ ಎಚ್ಚರಿಕೆಯ ಪತ್ರವು ಮಾರಿದವನ ಬಾಗಿಲಿಗೆ ಹೋಗುವುದು. ಅಪಾಯವು ಕೊಂಡವನ ಹೊಲದಲ್ಲಿಯೇ ಉಳಿಯುವುದು.

ಪಂಪುಸೆಟ್ಟು, ಮೇವು ಕತ್ತರಿಸುವ ಯಂತ್ರ, ಔಷಧಿ ಸಿಂಪಡಿಸುವ ಯಂತ್ರ, ಇವುಗಳಿಗೆ ಅಂತಹ ಸರ್ಕಾರಿ ದಫ್ತರವೂ ಇಲ್ಲ. ಪೆಟ್ಟಿಗೆಯೊಡನೆ ಬರುವ ನೋಂದಣಿ ಚೀಟಿಯನ್ನು ತುಂಬಿ ಕಳುಹಿಸಿದರೆ ಮಾತ್ರ ತಯಾರಕರಿಗೆ ನಮ್ಮ ವಿಳಾಸ ತಿಳಿಯುವುದು. ಬಿತ್ತನೆ ಬೀಜ, ಕೀಟನಾಶಕಗಳಿಗಾದರೋ, ತಂಡದ ಸಂಖ್ಯೆ ಬರೆದಿರುವ ರಸೀತಿಯೇ ಆಧಾರ. ಬೆಳೆ ಮನೆಗೆ ಬಂದ ಮೇಲೂ ಅದನ್ನು ಜೋಪಾನವಾಗಿಡಬೇಕು.

ವಿಳಾಸ ಕೊಟ್ಟರೆ ಜಾಹೀರಾತುಗಳ ಕಾಟ ತಪ್ಪದೆಂದು ಕೆಲವರು ಆಕ್ಷೇಪಿಸುವರು. ಅದು ಸುಳ್ಳಲ್ಲ. ಆದರೆ ಹೆಸರು, ವಿಳಾಸ, ದೂರವಾಣಿ, ಯಂತ್ರದ ಸಂಖ್ಯೆ, ಇಷ್ಟು ಸಾಕು. ಬ್ಯಾಂಕಿನ ವಿವರಗಳನ್ನು ಯಾರು ಕೇಳಿದರೂ ಕೊಡಬೇಕಾದುದಿಲ್ಲ. ಬೇಡದ ಕರೆಗಳನ್ನು ತಳ್ಳಿಹಾಕಬಹುದು. ಬೇಕಾದ ಕರೆ ಬಾರದೆ ಹೋದರೆ ಕಳೆದುಕೊಂಡ ಕೈಯನ್ನು ತರುವ ಬಗೆಯಿಲ್ಲ.

ಜಮೀನುದಾರರು ಇನ್ನೊಂದು ಮಾತನ್ನು ಯೋಚಿಸಬೇಕು. ಯಂತ್ರವು ಯಜಮಾನನದಾದರೂ ಅದರ ಮೇಲೆ ಕುಳಿತುಕೊಳ್ಳುವವನು ಅನೇಕ ವೇಳೆ ಕೂಲಿಯ ಚಾಲಕ. ಮೇವಿನ ಯಂತ್ರಕ್ಕೆ ಕೈಯೊಡ್ಡುವವಳು ಮನೆಗೆಲಸದ ಹೆಂಗಸು. ರಸೀತಿಯನ್ನು ಅವರು ಕಂಡಿಲ್ಲ. ಚೀಟಿಯನ್ನು ಕಳುಹಿಸುವ ಅಧಿಕಾರವೂ ಅವರಿಗಿಲ್ಲ. ಒಡೆಯನ ಉದಾಸೀನಕ್ಕೆ ಆಳು ದಂಡ ತೆರುವುದು ನ್ಯಾಯವಲ್ಲ.

ಆದುದರಿಂದ ಪ್ರತಿ ಗ್ರಾಮದಲ್ಲಿಯೂ ಒಂದು ಯಂತ್ರಪುಸ್ತಕವಿರುವುದು ಲೇಸೆಂದು ನಮ್ಮ ಅಭಿಪ್ರಾಯ. ಮುಂಗಾರಿಗೆ ಮೊದಲೊಮ್ಮೆ, ಹಿಂಗಾರಿಗೆ ಮೊದಲೊಮ್ಮೆ, ಗ್ರಾಮದ ಮುಖ್ಯಸ್ಥರು ಒಡೆಯರ ಒಪ್ಪಿಗೆ ಪಡೆದು ಯಂತ್ರದ ಜಾತಿ, ತಯಾರಕರು, ಸಂಖ್ಯೆ, ತಯಾರಾದ ವರ್ಷ, ಈಗಿನ ಒಡೆಯರ ಹೆಸರು, ಇವನ್ನು ಬರೆಯಿಸಲಿ. ರೀಕಾಲಿನ ಸುದ್ದಿ ಪತ್ರಿಕೆಯಲ್ಲಿ ಬಂದರೆ, ಅದು ಊರಿನ ಯಾವ ಯಂತ್ರಕ್ಕೆ ಸಂಬಂಧಿಸಿದುದೆಂಬುದು ಕಾಲು ಗಂಟೆಯಲ್ಲಿ ತಿಳಿಯುವುದು. ಕರೆ ಬಂದ ಮೇಲೆ ಯಂತ್ರವನ್ನು ದುಡಿಸದೆ, ಅದು ಸುಗ್ಗಿಯ ಕಾಲವೇ ಆಗಿರಲಿ, ಮೊದಲು ಸರಿಪಡಿಸಿಕೊಳ್ಳತಕ್ಕದ್ದು.

ಒಂದು ನೋಟ್ ಪುಸ್ತಕದ ವೆಚ್ಚ ಅತ್ಯಲ್ಪ. ಈ ಹಂಗಾಮಿನಲ್ಲಿಯೇ ಇದನ್ನು ಪ್ರಾರಂಭಿಸಿ, ಮೊದಲ ಪುಟದಲ್ಲಿ ತಮ್ಮ ಯಂತ್ರವನ್ನೇ ಬರೆಯಿಸಬೇಕೆಂದು ಗ್ರಾಮಪ್ರಮುಖರಲ್ಲಿ ವಿಜ್ಞಾಪನೆ.