ಅಕೂಮಾನನ್ನು ಹೊರಗಿಡಬೇಡಿ

ಫೆಸ್ಟ್‌ನ ಟೆಕ್ಕನ್ 7 ಸ್ಪರ್ಧೆಯಲ್ಲಿ ಅಕೂಮಾನನ್ನು ಯಾರೂ ಆರಿಸಬಾರದು ಎಂಬ ನಿಯಮ ತರಬೇಕೆಂದು ನಮ್ಮ ತರಗತಿಯ ಕೆಲವರು ಸಹಿ ಸಂಗ್ರಹಿಸುತ್ತಿದ್ದಾರೆ. ಕಳೆದ ವರ್ಷ ಮೊದಲ ಸುತ್ತಿನಲ್ಲೇ ಅಕೂಮಾನ ಕೈಯಲ್ಲಿ ಸೋತು ಕುರ್ಚಿ ಬಿಟ್ಟು ಎದ್ದವನು ನಾನು. ಹಾಗಾಗಿ ಮೊದಲ ಸಹಿ ನನ್ನದೇ ಎಂದು ಗೆಳೆಯರು ಅಂದುಕೊಂಡಿದ್ದರು. ನಾನು ಸಹಿ ಹಾಕಲಿಲ್ಲ. ಯಾಕೆ ಎಂದು ಕ್ಯಾಂಟೀನಿನಲ್ಲಿ ಹೇಳಲು ಹೋದರೆ ಯಾರೂ ಪೂರ್ತಿ ಕೇಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

"ಅವನು ಟೆಕ್ಕನ್‌ನವನೇ ಅಲ್ಲ, ಹೊರಗಿನವನು" ಎನ್ನುವುದು ಸಹಿ ಹಾಕಿದವರ ಮುಖ್ಯ ವಾದ. ಅವನು ಹೊರಗಿನವನು ಎಂಬುದು ನಿಜವೇ. ಅಕೂಮಾ ಮೊದಲು ಕಾಣಿಸಿಕೊಂಡದ್ದು 1994ರಲ್ಲಿ, ಸ್ಟ್ರೀಟ್ ಫೈಟರ್ ಸರಣಿಯ ಒಂದು ಆಟದಲ್ಲಿ ಗುಪ್ತ ಪಾತ್ರವಾಗಿ. ಅವನನ್ನು ಟೆಕ್ಕನ್ 7ಕ್ಕೆ ತಂದವರ ಮುಂದೆ ಎಷ್ಟು ದೊಡ್ಡ ಸಮಸ್ಯೆ ಇತ್ತು ಎಂಬುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ.

ಆಟ ಆಡದ ನಮ್ಮ ಉಪನ್ಯಾಸಕರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಸ್ಟ್ರೀಟ್ ಫೈಟರ್‌ನಲ್ಲಿ ಆರು ಬಟನ್‌ಗಳು: ಹಗುರ, ಮಧ್ಯಮ, ಜೋರು ಎಂದು ಮೂರು ಗುದ್ದು, ಮೂರು ಒದೆ. ಟೆಕ್ಕನ್‌ನಲ್ಲಿ ನಾಲ್ಕೇ: ಎಡಗೈ, ಬಲಗೈ, ಎಡಗಾಲು, ಬಲಗಾಲು. ಸ್ಟ್ರೀಟ್ ಫೈಟರ್‌ನಲ್ಲಿ ಮುಂದೆ ಹೋಗಬಹುದು, ಹಿಂದೆ ಬರಬಹುದು, ಹಾರಬಹುದು. ಟೆಕ್ಕನ್‌ನಲ್ಲಿ ಪಕ್ಕಕ್ಕೂ ಸರಿಯಬಹುದು. ಕೇಳಲು ಇದು ಸಣ್ಣ ವ್ಯತ್ಯಾಸ. ಆದರೆ ಇದೊಂದರಿಂದಲೇ ಅಕೂಮಾನ ಅರ್ಧ ವಿದ್ಯೆ ಕೆಲಸಕ್ಕೆ ಬಾರದಂತಾಗುತ್ತದೆ.

ಹೇಗೆಂದರೆ, ಅವನ ಎರಡು ಪಟ್ಟುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಒಂದು ಹದೋಕೆನ್, ಅಂದರೆ ಕೈಯಿಂದ ಎಸೆಯುವ ಶಕ್ತಿಯ ಉಂಡೆ. ಇನ್ನೊಂದು ಶೋರ್ಯೂಕೆನ್, ಅಂದರೆ ನೆಗೆದು ಮೇಲಕ್ಕೆ ಹೊಡೆಯುವ ಗುದ್ದು. ಉಂಡೆ ಬಂದಾಗ ಎದುರಾಳಿ ಅದರ ಮೇಲಿಂದ ಹಾರುತ್ತಾನೆ. ಹಾರಿದವನಿಗೆ ಮೇಲಕ್ಕೆ ಬರುವ ಗುದ್ದು ಕಾದಿರುತ್ತದೆ. ಮೊದಲನೆಯದು ಬಲೆ, ಎರಡನೆಯದು ಬೇಟೆ. ಟೆಕ್ಕನ್‌ನಲ್ಲಿ ಎದುರಾಳಿ ಹಾರಬೇಕಾಗಿಯೇ ಇಲ್ಲ, ಪಕ್ಕಕ್ಕೆ ಒಂದು ಹೆಜ್ಜೆ ಸರಿದರೆ ಸಾಕು. ಅಲ್ಲಿಗೆ ಬಲೆ ಹರಿಯಿತು.

ಇಂಥ ಪಾತ್ರವನ್ನು ತರುವವರ ಮುಂದೆ ಎರಡು ಸುಲಭದ ದಾರಿಗಳಿರುತ್ತವೆ. ಹಳೆಯ ಪಟ್ಟುಗಳನ್ನೆಲ್ಲ ಹಾಗೇ ತಂದು ಸುರಿಯುವುದು ಒಂದು. ಬರೀ ವೇಷ ತಂದು, ಒಳಗೆ ಮಾಮೂಲಿ ಟೆಕ್ಕನ್ ಪಾತ್ರವನ್ನು ಕೂರಿಸುವುದು ಇನ್ನೊಂದು. ಟೆಕ್ಕನ್ 7 ಮಾಡಿದವರು ಎರಡನ್ನೂ ಮಾಡಲಿಲ್ಲ. ನಾಲ್ಕು ಬಟನ್‌ಗಳ ಮೇಲೆ ಅಕೂಮಾನ ಹೊಡೆತಗಳನ್ನು ಹೊಸದಾಗಿ ಹಂಚಿದರು. ಹದೋಕೆನ್‌ಗೆ ಕೆಳಗೆ, ಓರೆ, ಮುಂದೆ ಎಂದು ತಿರುಗಿಸುವ ಹಳೆಯ ಕೈಚಳಕವನ್ನು ಉಳಿಸಿದರು. ಸ್ಟ್ರೀಟ್ ಫೈಟರ್ ಆಡಿ ಬಂದ ಕೈಗೆ ಇವನು ಅಕೂಮಾನೇ ಎಂದು ಗೊತ್ತಾಗುವುದು ಅಲ್ಲಿಯೇ.

ಹಾಗಾದರೆ ತಕರಾರು ಸುಳ್ಳೇ? ಅಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ, ಖಾತೆಯ ಎರಡೂ ಬದಿ ನೋಡುವುದು ರೂಢಿ. ಅಕೂಮಾ ತನ್ನ ಜೊತೆ ಒಂದು ಮೀಟರನ್ನೂ ತಂದ. ಹೊಡೆದಾಡಿದಷ್ಟೂ ಅದು ತುಂಬುತ್ತದೆ, ಅದನ್ನು ಖರ್ಚು ಮಾಡಿ ಒಂದು ಹೊಡೆತವನ್ನು ನಡುವೆಯೇ ಮುರಿದು ಇನ್ನೊಂದಕ್ಕೆ ಜೋಡಿಸಬಹುದು. ಜಿನ್, ಪಾಲ್, ಲಾ ಇಂಥ ಹಳಬರಿಗೆ ಆ ಮೀಟರ್ ಇಲ್ಲ. ಹಾರಿ ಹೊಡೆಯುವ ಅವನ ಹಳೆಯ ರೂಢಿಯೂ ಉಳಿಯಿತು. ಟೆಕ್ಕನ್ ಆಡುವವರು ಮೇಲಿಂದ ಬರುವವನನ್ನು ಎದುರಿಸಿ ಅಭ್ಯಾಸವಿದ್ದವರಲ್ಲ. ಒಂದು ಬದಿಯಲ್ಲಿ ಇಷ್ಟು ಲಾಭ ಬರೆದ ಮೇಲೆ ಇನ್ನೊಂದು ಬದಿಯಲ್ಲಿ ಬೆಲೆ ಬರೆಯಬೇಕಿತ್ತು. ಅದನ್ನು ಸ್ವಲ್ಪ ಕಡಿಮೆ ಬರೆದರು ಎಂಬುದು ನನ್ನ ಅಭಿಪ್ರಾಯ.

ಬೆಲೆ ಬರೆಯುವುದು ಹೇಗೆ ಎಂಬುದಕ್ಕೆ ಉದಾಹರಣೆಯೂ ಇದೆ. 2021ರಲ್ಲಿ ಟೆಕ್ಕನ್‌ನ ಕಝುಯಾ 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್'ಗೆ ಹೋದ. ಅಲ್ಲಿ ಎದುರಾಳಿಯನ್ನು ವೇದಿಕೆಯಿಂದ ಹೊರಕ್ಕೆ ಎಸೆಯಬೇಕು, ಹೊರಬಿದ್ದವನು ಹೇಗಾದರೂ ಮರಳಿ ಹತ್ತಬೇಕು. ಟೆಕ್ಕನ್‌ನಲ್ಲಿ ಕಝುಯಾನಿಗೆ ಅಂಥ ಪಟ್ಟು ಬೇಕಾಗಿಯೇ ಇರಲಿಲ್ಲ. ಅದನ್ನು ಅವನ ಕಥೆಯಿಂದಲೇ ಹುಡುಕಿದರು: ಅವನೊಳಗಿನ ಡೆವಿಲ್‌ನ ರೆಕ್ಕೆಗಳು. ಅವನ ಹೆಸರಾಂತ ಎಲೆಕ್ಟ್ರಿಕ್ ಗುದ್ದನ್ನು ಸುಲಭ ಮಾಡಲಿಲ್ಲ. ಟೆಕ್ಕನ್‌ನಲ್ಲಿ ಓರೆ ದಿಕ್ಕು ಮತ್ತು ಬಟನ್ ಎರಡನ್ನೂ ಒಂದೇ ಫ್ರೇಮ್‌ನಲ್ಲಿ, ಅಂದರೆ ಸೆಕೆಂಡಿನ 60ನೇ ಒಂದು ಭಾಗದಲ್ಲಿ ಒತ್ತಬೇಕು. ಸ್ಮ್ಯಾಶ್‌ನಲ್ಲೂ ಕರಾರುವಾಕ್ಕಾಗಿ ಒತ್ತಿದವರಿಗೇ ಅದು ಸಿಗುತ್ತದೆ. ಜೊತೆಗೆ ಅವನನ್ನು ಭಾರದವನನ್ನಾಗಿ, ನಿಧಾನಿಯನ್ನಾಗಿ ಮಾಡಿದರು. ಅವನ ಕೈಗೆ ಸಿಕ್ಕವರ ಕಥೆ ಮುಗಿಯಿತು, ಆ ಬಗ್ಗೆ ಅಲ್ಲೂ ದೂರುಗಳಿವೆ. ಆದರೆ ಯಾರನ್ನಾದರೂ ಹತ್ತಿರ ಸಿಗಿಸಿಕೊಳ್ಳುವುದಕ್ಕೇ ಅವನು ಬೆವರು ಸುರಿಸಬೇಕು.

ಇದು ನನಗೆ ಬೇಗ ಅರ್ಥವಾಗಲು ಒಂದು ಕಾರಣವಿದೆ. ಮನೆಯಲ್ಲಿ ನಾವು ಉರ್ದು ಮಾತಾಡುವವರು. ಐದನೇ ತರಗತಿಯಲ್ಲಿ 'ಗಾಡಿ ಆಯೀ' ಎಂಬುದನ್ನು ಹಾಗೇ ತಂದು 'ಗಾಡಿ ಬಂದಳು' ಎಂದು ಬರೆದಿದ್ದೆ. ತರಗತಿಯೆಲ್ಲ ನಕ್ಕಿತು. ಟೀಚರ್ ನಗಲಿಲ್ಲ. "ಕನ್ನಡದಲ್ಲಿ ಗಾಡಿ ಹೆಣ್ಣೂ ಅಲ್ಲ ಗಂಡೂ ಅಲ್ಲ, ಗಾಡಿ ಬಂತು" ಎಂದು ತಿದ್ದಿದರು. ಉರ್ದು ಬಿಡು ಎಂದು ಅವರು ಹೇಳಲಿಲ್ಲ, ತಪ್ಪಾದರೂ ನಡೆಯುತ್ತದೆ ಎಂದೂ ಬಿಡಲಿಲ್ಲ. ಹೇಳಬೇಕಾದ ಮಾತು ನನ್ನದೇ ಇತ್ತು, ನಿಯಮ ಮಾತ್ರ ಕನ್ನಡದ್ದು. ಪಾತ್ರವನ್ನು ಒಂದು ಆಟದಿಂದ ಇನ್ನೊಂದಕ್ಕೆ ತರುವವರೂ ಇದನ್ನೇ ಮಾಡಬೇಕು ಎಂದು ನನಗನಿಸುತ್ತದೆ.

ಆದ್ದರಿಂದ ಸ್ಪರ್ಧೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು. ಅಕೂಮಾನನ್ನು ನಿಷೇಧಿಸಬೇಡಿ. ಅವನ ಪಟ್ಟುಗಳನ್ನು ಹೊಂದಿಸಿದವರ ಲೆಕ್ಕದಲ್ಲಿ ಕೊರತೆ ಇದ್ದರೆ ಅದನ್ನು ತಿಂಗಳುಗಟ್ಟಲೆ ಕಲಿತು ಬಂದ ಹುಡುಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ಬದಲಿಗೆ ಸೋತವರಿಗೆ ಮುಂದಿನ ಪಂದ್ಯದಲ್ಲಿ ಪಾತ್ರ ಬದಲಿಸುವ ಅವಕಾಶ ಕೊಡಿ. ಫೆಸ್ಟ್‌ಗೆ ಒಂದು ವಾರ ಮೊದಲು ಊಟದ ಬಿಡುವಿನಲ್ಲಿ ಎಲ್ಲರಿಗೂ ಪ್ರಾಕ್ಟೀಸ್ ಮೋಡ್ ತೆರೆದಿಡಿ. ಅದರಲ್ಲಿ ಅಕೂಮಾನ ಹೊಡೆತಗಳನ್ನು ರೆಕಾರ್ಡ್ ಮಾಡಿ ಮತ್ತೆ ಮತ್ತೆ ಎದುರಿಸಬಹುದು.

ಕಳೆದ ವರ್ಷ ನಾನು ಸೋತದ್ದು ಯಾಕೆಂದು ಈಗ ಗೊತ್ತು. ಹದೋಕೆನ್ ಬಂದಾಗಲೆಲ್ಲ ಹೆದರಿ ಹಾರುತ್ತಿದ್ದೆ. ಟೆಕ್ಕನ್‌ನಲ್ಲಿ ಕೂತು ಸ್ಟ್ರೀಟ್ ಫೈಟರ್ ಆಡುತ್ತಿದ್ದವನು ಅಕೂಮಾ ಅಲ್ಲ, ನಾನು. ಈ ವರ್ಷ ಪಕ್ಕಕ್ಕೆ ಸರಿಯುವುದನ್ನು ಕಲಿತಿದ್ದೇನೆ. ಅವನು ಸ್ಪರ್ಧೆಯಲ್ಲಿ ಇರಲಿ, ನನಗೆ ಅವನ ಜೊತೆ ಇನ್ನೊಂದು ಪಂದ್ಯ ಬಾಕಿ ಇದೆ.