ಅಗ್ಗದ ಸ್ಪ್ಯಾನರ್: ಉಳಿತಾಯ ಯಾರಿಗೆ, ಗಾಯ ಯಾರಿಗೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ – ಈ ನಾಲ್ಕು ತಾಲ್ಲೂಕಿನ ಯಾವ ಗ್ಯಾರೇಜಿಗೆ ಹೋದರೂ ಮೂಲೆಯಲ್ಲೊಂದು ತುಕ್ಕು ಡಬ್ಬ ಇದ್ದೇ ಇರುತ್ತದೆ. ಅದರ ತುಂಬ ಬಾಯಿ ಅಗಲವಾದ ಸ್ಪ್ಯಾನರ್, ತುದಿ ಮುರಿದ ಸ್ಕ್ರೂಡ್ರೈವರ್, ಹಲ್ಲು ಸವೆದ ಕಟಿಂಗ್ ಪ್ಲೇಯರ್. ಎಲ್ಲವೂ ಒಂದು ಕಾಲಕ್ಕೆ ‘ಕಮ್ಮಿ ರೇಟು’ ಎಂದು ಕೊಂಡವೇ. ಆ ಡಬ್ಬಕ್ಕೆ ಸುರಿದ ದುಡ್ಡನ್ನು ಯಾವ ಮೇಸ್ತ್ರಿಯೂ ಕೂಡಿ ನೋಡುವುದಿಲ್ಲ. ನೋಡಿದರೆ ಎದೆ ಧಸಕ್ಕೆಂದೀತು!

ಸಂತೆಯಲ್ಲಿ ಗೋಣಿತಾಟಿನ ಮೇಲೆ ಹರಡಿದ ಸೆಟ್ಟು ಮಿರಿಮಿರಿ ಮಿಂಚುತ್ತದೆ. ಮಿಂಚುವುದು ಮೇಲಿನ ಪಾಲಿಷು. ಒಳಗಿರುವುದು ಮೆತ್ತನೆ ಕಬ್ಬಿಣ. ಒಳ್ಳೆ ಸ್ಪ್ಯಾನರ್ ಕ್ರೋಮ್ ವೆನೇಡಿಯಂ ಬೆರೆತ ಉಕ್ಕಿನದು; ಕಾಯಿಸಿ, ಅಚ್ಚಿನಲ್ಲಿ ಬಡಿದು, ಹದ ಕೊಟ್ಟು ಮಾಡಿದ್ದು. ಬಿಗಿ ಬೋಲ್ಟಿನ ಮುಂದೆ ಮೆತ್ತನೆಯದರ ಬಾಯಿ ಅಗಲವಾಗುತ್ತದೆ, ಸ್ಪ್ಯಾನರ್ ಜಾರುತ್ತದೆ, ಬೋಲ್ಟಿನ ಆರೂ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಉಳಿ, ಸುತ್ತಿಗೆ, ಗ್ಯಾಸು, ವೆಲ್ಡಿಂಗು. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ!

ಈ ಅರ್ಧ ದಿನದ ನಷ್ಟ ಯಾರ ತಲೆಗೆ? ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಕಡೆ ಟ್ರ್ಯಾಕ್ಟರ್ ಕೆಟ್ಟು ನಿಂತರೆ, ಕಡಿದ ಕಬ್ಬು ಗದ್ದೆಯಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಬೆಳ್ಳೂರು ಕ್ರಾಸಿನಲ್ಲಿ ನಿಂತ ಮಂಗಳೂರು ಲಾರಿಯ ಬಾಡಿಗೆಯೂ ಹೋಗುತ್ತದೆ. “ಏನ್ ಮೇಸ್ತ್ರಿ, ಹೊತ್ತು ಮುಳುಗ್ತಾ ಬಂತು, ಇನ್ನೂ ಒಂದ್ ಬೋಲ್ಟ್ ಬಿಚ್ಚಿಲ್ವಲ್ಲ?” ಎಂದು ರೈತ ರೇಗುತ್ತಾನೆ. ಮೇಸ್ತ್ರಿ ಹುಡುಗನ ಮೇಲೆ ರೇಗುತ್ತಾನೆ. ಸ್ಪ್ಯಾನರ್ ಜಾರಿದಾಗ ಕಬ್ಬಿಣಕ್ಕೆ ಬಡಿದು ಗೆಣ್ಣು ಕಿತ್ತುಹೋಗುವುದೂ ಆ ಹುಡುಗನದೇ.

“ಕೈಯಲ್ಲಿ ಕಸುಬಿದ್ರೆ ಯಾವ ಟೂಲ್ಸಾದ್ರೇನು?” ಎನ್ನುವ ಹಿರಿಯರಿದ್ದಾರೆ. ಕಸುಬು ಗೊತ್ತಿದ್ದವನ ಕೈಯಲ್ಲೂ ಮೆತ್ತನೆ ಕಬ್ಬಿಣ ಮೆತ್ತಗೇ ಇರುತ್ತದೆ, ಅಷ್ಟೆ. ಹಾಗಂತ ಸಾಲ ಮಾಡಿ ಫಾರಿನ್ ಸೆಟ್ಟೇ ತರಬೇಕಾಗಿಲ್ಲ. ನಾಸಿಕದ ಟಪಾರಿಯಾ ಕಂಪನಿ 1969ರಲ್ಲಿ ಸ್ವೀಡನ್ನಿನ ತಾಂತ್ರಿಕ ನೆರವಿನಿಂದ ಶುರುಮಾಡಿ ಇಂದಿಗೂ ಟೂಲ್ಸು ತಯಾರಿಸುತ್ತಿದೆ. ಪಂಜಾಬಿನ ಜಲಂಧರ್, ಲೂಧಿಯಾನದ ಮಾಲೂ ಉಂಟು. ಅದರಲ್ಲಿ ಗಟ್ಟಿಯೂ ಇದೆ, ಜಳ್ಳೂ ಇದೆ. ಹೆಸರಿನಲ್ಲಿ ಒಂದಕ್ಷರ ತಿದ್ದಿದ ನಕಲಿಯ ಮೇಲೆ ಕಣ್ಣಿರಲಿ. ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಹೊಸ ಬೋಲ್ಟು ಇಟ್ಟುಕೊಂಡು ಹೋಗಿ ಸ್ಪ್ಯಾನರಿನ ಬಾಯಿಗೆ ಕೂರಿಸಿ ನೋಡಬೇಕು. ಲೊಡಲೊಡ ಎಂದರೆ ಎಷ್ಟೇ ಅಗ್ಗವಾದರೂ ಬೇಡ.

ದಿನಾ ಕೈಗೆ ಬರುವ, ಬಲ ಬೀಳುವ ನಂಬರುಗಳು ಬೆರಳೆಣಿಕೆ. ಬೈಕಿಗೆ 10, 12, 14, 17. ಟ್ರ್ಯಾಕ್ಟರ್, ಲಾರಿಗೆ 17, 19, 22, 24. ಇವುಗಳ ರಿಂಗ್ ಸ್ಪ್ಯಾನರ್, ಬಾಕ್ಸ್ ಸ್ಪ್ಯಾನರ್ ಮಾತ್ರ ಒಳ್ಳೆಯವೇ ಇರಲಿ. ತಿಂಗಳಿಗೊಂದರಂತೆ ಬಿಡಿಯಾಗಿ ಕೊಂಡರೂ ಆಯಿತು. ರಿಂಗು ಬೋಲ್ಟನ್ನು ಸುತ್ತಲೂ ಹಿಡಿಯುತ್ತದೆ. ತೆರೆದ ಬಾಯಿಯದು ಹಿಡಿಯುವುದು ಎರಡೇ ಮಗ್ಗುಲು. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾದ ಹಳೇ ಯೆಜ್ಡಿ ಬಂದಾಗಲಂತೂ ಇನ್ನೂ ಹುಷಾರು. ಅದರ ಬೋಲ್ಟು ಕೆಟ್ಟರೆ ಬದಲಿಗೆ ಅಲೆಯಬೇಕು. ಎಣ್ಣೆ ಕ್ಯಾನು, ಲಾಳಿಕೆ, ತಂತಿ ಬ್ರಷ್ಷು, ವರ್ಷಕ್ಕೊಮ್ಮೆ ಬೇಕಾಗುವ ನಂಬರು – ಇವೆಲ್ಲ ಅಗ್ಗದ್ದೇ ಸಾಕು. ಸೆಟ್ಟಿನ ಆಸೆಗೆ ಇಪ್ಪತ್ತು ಕೊಂಡು ಐದು ಬಳಸುವುದು ಯಾವ ಜಾಣತನ?

ಆ ಐದನ್ನು ಕೊಳ್ಳುವುದೂ ಕಷ್ಟವಾದವರಿದ್ದಾರೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರದ ಪಿ.ಎಂ. ವಿಶ್ವಕರ್ಮ ಯೋಜನೆ 18 ಕಸುಬಿನವರಿಗೆ ಸಲಕರಣೆಗೆಂದೇ 15,000 ರೂ.ವರೆಗೆ ಕೊಡುತ್ತದೆ; ಶೇ. 5ರ ಬಡ್ಡಿಗೆ ಸಾಲವೂ ಉಂಟು. ಬಡಗಿ, ಕಮ್ಮಾರ, ದರ್ಜಿ, ಬೀಗ ಮಾಡುವವರು ಪಟ್ಟಿಯಲ್ಲಿದ್ದಾರೆ. ಇರಲೇಬೇಕು. ಮೋಟಾರ್ ಮೆಕ್ಯಾನಿಕ್ ಮಾತ್ರ ಇಲ್ಲ!

ಯೋಜನೆ ಸಾಂಪ್ರದಾಯಿಕ ಕಸುಬುದಾರರಿಗೆ ಎನ್ನುವುದೇನೋ ಸರಿ. ಆದರೆ ಎತ್ತಿನ ಗಾಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಕುಲುಮೆಯ ಎಷ್ಟೋ ಕೆಲಸ ಗ್ಯಾರೇಜಿಗೆ ಬಂದಿಲ್ಲವೇ? ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುವವನಿಗೆ ಸಿಗುವ ನೆರವು ಟ್ರ್ಯಾಕ್ಟರ್ ಚಕ್ರ ಬಿಚ್ಚುವವನಿಗೆ ಏಕಿಲ್ಲ? ಜಿಲ್ಲೆಯ ಜನಪ್ರತಿನಿಧಿಗಳು ಇತ್ತ ಗಮನ ಹರಿಸುವರೇ? ಅಲ್ಲಿಯವರೆಗೆ ಮೇಸ್ತ್ರಿಗಳು ಸಂತೆಯ ಹೊಳಪಿಗೆ ಮರುಳಾಗದಿರಲಿ. ಪಕ್ಕದಲ್ಲಿ ನಿಂತ ಹುಡುಗನ ಬೆರಳೂ ಲೆಕ್ಕದಲ್ಲಿರಲಿ.